ಬಣ್ಣ ಹಿಡಿದ ಕೈ

ಕಾರ್ತಿಕ ಮಾಸದ ಇರುಳಿನಲ್ಲಿ, ಎಂಟು ಒಂಬತ್ತು ಗಂಟೆಯ ಹೊತ್ತಿಗೆ, ಮಾಳಿಗೆಯ ಮೇಲೆ ನಿಂತು ಉತ್ತರದತ್ತ ಮುಖ ಮಾಡಿದವರಿಗೆ ಐದು ನಕ್ಷತ್ರಗಳ ಅಂಕುಡೊಂಕಾದ ಸಾಲೊಂದು ಕಾಣುತ್ತದೆ. ಗ್ರೀಕರು ಅದನ್ನು ಕ್ಯಾಸಿಯೋಪಿಯ ಎಂಬ ಗರ್ವಿಷ್ಠೆಯಾದ ರಾಣಿಯೆಂದು ಭಾವಿಸಿದರು. ಮರುಭೂಮಿಯ ಅರಬರಿಗೆ ಅಲ್ಲಿ ಕಂಡದ್ದು ರಾಣಿಯಲ್ಲ, ಒಂದು ಕೈ. ಅದೂ ಬೆರಳ ತುದಿಗಳಿಗೆ ಮದರಂಗಿ ಹಚ್ಚಿದ ಹೆಣ್ಣಿನ ಕೈ. ಅದಕ್ಕೆ ಅವರಿಟ್ಟ ಹೆಸರು ‘ಅಲ್-ಕಫ್ ಅಲ್-ಖದೀಬ್’. ಕಫ್ ಎಂದರೆ ಅಂಗೈ. ಖದೀಬ್ ಎಂದರೆ ಬಣ್ಣ ಹಿಡಿದದ್ದು.

ಆ ಕೈ ಯಾರದೆಂದರೆ ಪೂರ್ವದಲ್ಲಿ ಅದೇ ವೇಳೆಗೆ ಮೇಲೇರುತ್ತಿರುವ ಕೃತ್ತಿಕೆಯದು. ಅರಬರು ಕೃತ್ತಿಕೆಯನ್ನು ‘ಸುರಯ್ಯಾ’ ಎನ್ನುತ್ತಾರೆ. ಅವಳ ಒಂದು ತೋಳು ಪರ್ಸಿಯಸ್ ನಕ್ಷತ್ರಪುಂಜದ ಮೂಲಕ ಹಾದು, ಮೊಣಕೈಯಲ್ಲಿ ಬಾಗಿ, ಮಣಿಕಟ್ಟನ್ನು ದಾಟಿ ಈ ಬಣ್ಣದ ಅಂಗೈಯಲ್ಲಿ ಮುಗಿಯುತ್ತದೆಂದು ಅವರ ಕಲ್ಪನೆ. ಮೊಣಕೈಯ ನಕ್ಷತ್ರವನ್ನು ಜಗತ್ತಿನ ಖಗೋಳಜ್ಞರೆಲ್ಲರೂ ಇಂದಿಗೂ ಮೊಣಕೈ ಎಂಬರ್ಥದ ಅರಬ್ಬಿ ಪದದಿಂದಲೇ, ‘ಮಿರ್ಫಕ್’ ಎಂದು ಕರೆಯುತ್ತಾರೆ. ಅಂಗೈಯ ಒಂದು ನಕ್ಷತ್ರಕ್ಕೆ ‘ಕಾಫ್’ ಎಂಬ ಹೆಸರನ್ನು ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2016ರಲ್ಲಿ ಅಧಿಕೃತವಾಗಿ ಸ್ಥಿರಪಡಿಸಿತು. ಸುರಯ್ಯಾಳ ಇನ್ನೊಂದು ಕೈ ಮಾತ್ರ ಗಿಡ್ಡ. ತಿಮಿಂಗಿಲ ರಾಶಿಯ ಕಡೆಗೆ ಚಾಚಿರುವ ಅದರ ಹೆಸರು ‘ಅಲ್-ಕಫ್ ಅಲ್-ಜದ್ಮಾ’, ಅಂದರೆ ಕಡಿದುಹೋದ ಕೈ. ಒಂದು ಕೈಗೆ ಮದರಂಗಿ, ಇನ್ನೊಂದು ಕೈಗೆ ಬೆರಳೇ ಇಲ್ಲ! ಹತ್ತನೆಯ ಶತಮಾನದಲ್ಲಿ, 964ರ ಸುಮಾರಿಗೆ, ನಕ್ಷತ್ರಗಳ ಬಗ್ಗೆ ಹೆಸರಾಂತ ಗ್ರಂಥವನ್ನು ರಚಿಸಿದ ಅಬ್ದುಲ್ ರಹಮಾನ್ ಅಲ್-ಸೂಫಿ ಈ ಬಣ್ಣದ ಕೈಯನ್ನು ಹೆಸರಿಸಿಯೇ ಮುಂದುವರಿದಿದ್ದಾನೆ.

ಈ ‘ಖದೀಬ್’ ಎಂಬ ಪದದ ಹುಟ್ಟನ್ನು ಹಿಡಿದು ಹೊರಟರೆ ಸಿಗುವ ಸಂಸಾರ ಬಹಳ ದೊಡ್ಡದು. ಅದರಲ್ಲಿ ಮದುವಣಗಿತ್ತಿ ಇದ್ದಾಳೆ, ಗಡ್ಡಕ್ಕೆ ಬಣ್ಣ ಬಳಿದುಕೊಂಡ ಮುದುಕನಿದ್ದಾನೆ, ಕತ್ತಿಯ ಪೆಟ್ಟಿಗೆ ಬಿದ್ದ ವೀರನಿದ್ದಾನೆ, ಒಂದು ಉಷ್ಟ್ರಪಕ್ಷಿಯೂ ಇದೆ.

ಮೊದಲು ಉಚ್ಚಾರಣೆಯ ಮಾತು. ಅರಬ್ಬಿಯಲ್ಲಿ ಬಹುತೇಕ ಪದಗಳಿಗೆ ಮೂರು ವ್ಯಂಜನಗಳೇ ಬೇರು. ಇಲ್ಲಿನ ಬೇರು ಖಾ, ದಾದ್, ಬಾ. ನಡುವಣ ‘ದಾದ್’ ಸಾಮಾನ್ಯ ಅಕ್ಷರವಲ್ಲ. ನಾಲಗೆಯನ್ನು ಭಾರವಾಗಿ ಮೇಲಕ್ಕೊತ್ತಿ ನುಡಿಯುವ ಈ ದಕಾರ ಬೇರೆಯವರಿಗೆ ಒಲಿಯದೆಂದು ಅರಬರಿಗೆ ಹೆಮ್ಮೆ. ತಮ್ಮ ನುಡಿಯನ್ನು ‘ದಾದಿನ ಭಾಷೆ’ ಎಂದೇ ಅವರು ಕರೆದುಕೊಳ್ಳುತ್ತಾರೆ. ನಿಜಕ್ಕೂ ಪಾರಸಿಯವರಿಗೆ ಅದು ಒಲಿಯಲಿಲ್ಲ. ಅವರು ಅದನ್ನು ಜಕಾರ ಮಾಡಿಕೊಂಡರು. ಪಾರಸಿಯ ಮೂಲಕ ದಖನ್ನಿಗೆ, ಅಲ್ಲಿಂದ ಕನ್ನಡಕ್ಕೆ ಬಂದ ಪದಗಳಲ್ಲೆಲ್ಲ ಆ ಜಕಾರವೇ ಉಳಿದಿದೆ. ಅರ್ಜಿ, ಹಾಜರಿ, ಜಾಮೀನು, ಜಪ್ತಿ, ಜರೂರು, ರಜೆ, ಕಾಜಿ, ಕಬ್ಜೆ, ಫಜೀತಿ—ಇವೆಲ್ಲ ಮೂಲದಲ್ಲಿ ದಾದಿನ ಪದಗಳೇ. ನಮ್ಮ ‘ಜಿಲ್ಲೆ’ಯೂ ಅಂಥದೇ, ಅದರ ಮೂಲಾರ್ಥ ಪಕ್ಕೆಲುಬು, ಅದರಿಂದ ಪಕ್ಕ, ಮಗ್ಗುಲು, ಕೊನೆಗೆ ನಾಡಿನ ಒಂದು ಭಾಗ! ಒಂದೇ ಹಬ್ಬದ ತಿಂಗಳನ್ನು ಕೆಲವರು ರಮದಾನ್ ಎಂದೂ ಕೆಲವರು ರಂಜಾನ್ ಎಂದೂ ಹೇಳುವುದಕ್ಕೆ ಈ ಒಂದು ಅಕ್ಷರವೇ ಕಾರಣ. ಹೀಗಾಗಿ ಅರಬ್ಬಿಯ ‘ಖಿದಾಬ್’ ಉರ್ದುವಿನಲ್ಲಿ ‘ಖಿಜಾಬ್’ ಆಯಿತು. ತಲೆಗೂದಲಿಗೆ, ಗಡ್ಡಕ್ಕೆ ಹಚ್ಚುವ ಬಣ್ಣವೆಂದರೆ ಉರ್ದು ಬಲ್ಲವರ ಮನೆಗಳಲ್ಲಿ ಖಿಜಾಬ್ ಎಂದೇ ಅರ್ಥ.

ಮೂರು ವ್ಯಂಜನಗಳನ್ನು ಹಾಗೆಯೇ ಇರಿಸಿಕೊಂಡು ಸ್ವರಗಳನ್ನು ಮಾತ್ರ ಬದಲಿಸುತ್ತ ಹೋಗುವುದು ಅರಬ್ಬಿಯ ಪದರಚನೆಯ ಕ್ರಮ. ‘ಖದಬ’ ಎಂದರೆ ಅವನು ಬಣ್ಣ ಹಚ್ಚಿದನು. ನಡುವಣ ಅಕ್ಷರವನ್ನು ಒತ್ತಿ ‘ಖದ್ದಬ’ ಎಂದರೆ ಚೆನ್ನಾಗಿ, ಗಾಢವಾಗಿ ಹಚ್ಚಿದನು. ‘ಇಖ್ತದಬ’ ಎಂದರೆ ತನಗೆ ತಾನೇ ಹಚ್ಚಿಕೊಂಡನು. ಹಚ್ಚುವ ವಸ್ತು ‘ಖಿದಾಬ್’. ಹಚ್ಚಿಸಿಕೊಂಡದ್ದು ‘ಮಖ್ದೂಬ್’ ಅಥವಾ ‘ಖದೀಬ್’. ಯಾವಾಗಲೂ ಮದರಂಗಿ ಹಚ್ಚಿಕೊಳ್ಳುತ್ತಲೇ ಇರುವ ಹೆಂಗಸಿಗೂ ಒಂದು ಪದವುಂಟು, ‘ಖುದಬ’. ಇಂಥವಳನ್ನು ಕುರಿತು ಪ್ರತ್ಯೇಕ ಪದವನ್ನೇ ಮಾಡಿಕೊಳ್ಳುವಷ್ಟು ಅಂಥವರ ಸಂಖ್ಯೆ ಅರಬಸ್ಥಾನದಲ್ಲಿ ಇದ್ದಿರಬೇಕು.

ಬಣ್ಣ, ಕಲೆ, ಕೊಳೆ—ಈ ವಿಷಯದಲ್ಲಿ ಅರಬ್ಬಿಗೆ ಬೇರುಗಳ ಬಡತನವಿಲ್ಲ. ಕೊಳೆಯಾದದ್ದನ್ನು, ಮೈಲಿಗೆಯಾದದ್ದನ್ನು ಹೇಳುವುದಕ್ಕೆ ‘ದನಸ್’ ಎಂಬ ಪದವಿದೆ. ಅದು ಬಟ್ಟೆಯ ಕೊಳೆಯಿಂದ ಆರಂಭವಾಗಿ ಮನುಷ್ಯನ ಮರ್ಯಾದೆಗೆ ತಗಲುವ ಕಳಂಕದವರೆಗೆ ಹೋಗುತ್ತದೆ. ಪುಣ್ಯಸ್ಥಳವನ್ನು ಅಪವಿತ್ರಗೊಳಿಸಿದರೆಂದು ಇಂದಿನ ಪತ್ರಿಕೆಗಳು ಬರೆಯುವಾಗಲೂ ಇದೇ ಬೇರನ್ನು ಬಳಸುತ್ತವೆ. ಮಸಿಯನ್ನೋ ಕೆಸರನ್ನೋ ಬಳಿದರೆ ಅದು ‘ಲತ್ಖ್’. ಒಬ್ಬನ ಹೆಸರಿಗೆ ಮಸಿ ಬಳಿಯುವುದಕ್ಕೂ ಅದೇ ಮಾತು. ಬಟ್ಟೆಯನ್ನು ಬಣ್ಣದಲ್ಲಿ ಅದ್ದಿ ತೆಗೆದರೆ ಅದು ‘ಸಬ್ಗ್’. ಬಣ್ಣಗಾರನಿಗೆ ‘ಸಬ್ಬಾಗ್’ ಎಂದು ಹೆಸರು. ಅದ್ದುವುದು ಮುಖ್ಯವಾದ್ದರಿಂದ, ರೊಟ್ಟಿಯನ್ನು ಅದ್ದಿಕೊಂಡು ತಿನ್ನುವ ಎಣ್ಣೆಗೂ ವ್ಯಂಜನಕ್ಕೂ ‘ಸಿಬ್ಗ್’ ಎಂಬ ಹೆಸರು ಬಂತು. ಕುರಾನಿನಲ್ಲಿ ಆಲಿವ್ ಮರವನ್ನು ಕುರಿತ ಮಾತಿನಲ್ಲಿ ಈ ಪದವಿದೆ. ನಾವು ನಂಜಿಕೊಳ್ಳುವುದು ಎನ್ನುತ್ತೇವಲ್ಲ, ಹಾಗೆ.

ದನಸ್ ಮತ್ತು ಲತ್ಖ್ ಎರಡೂ ತೀರ್ಪನ್ನು ಜೊತೆಯಲ್ಲೇ ಹೊತ್ತುಕೊಂಡು ಬರುವ ಪದಗಳು. ಅವುಗಳನ್ನು ಕೇಳಿದ ಕೂಡಲೇ ಆದದ್ದು ಕೆಟ್ಟದ್ದೆಂದು ಗೊತ್ತಾಗುತ್ತದೆ. ನಮ್ಮ ಖಿದಾಬಿನ ಬೇರಿಗೆ ಅಂಥ ತೀರ್ಪಿಲ್ಲ. ಮೈಯ ಮೇಲೆ ಬಣ್ಣ ಏರಿತೆಂದಷ್ಟೇ ಅದು ಹೇಳುತ್ತದೆ. ಅದು ಅಲಂಕಾರವೋ, ವಂಚನೆಯೋ, ಸಾವೋ ಎಂಬುದನ್ನು ವಾಕ್ಯದ ಉಳಿದ ಭಾಗವೇ ಹೇಳಬೇಕು. ಕನ್ನಡದಲ್ಲಿಯೂ ‘ಕಲೆ’ ಎಂಬ ಎರಡಕ್ಷರಕ್ಕೆ ಇಂಥದೊಂದು ಸ್ವಾರಸ್ಯವುಂಟು. ಅಂಗಿಗೆ ಹತ್ತಿದ್ದೂ ಕಲೆ, ಶಿಲ್ಪಿ ಸಾಧಿಸಿದ್ದೂ ಕಲೆ. ಆದರೆ ಅಲ್ಲಿ ಒಂದು ಅಚ್ಚ ದೇಶ್ಯ ಪದ, ಇನ್ನೊಂದು ಸಂಸ್ಕೃತದಿಂದ ಬಂದದ್ದು. ಎರಡೂ ಅಕಸ್ಮಾತ್ತಾಗಿ ಒಂದೇ ವೇಷ ತೊಟ್ಟಿವೆ. ಚಂದ್ರನೊಬ್ಬನಿಗೆ ಮಾತ್ರ ಎರಡೂ ಸಲ್ಲುತ್ತವೆ. ಅರಬ್ಬಿಯ ಖಿದಾಬಿನಲ್ಲಿ ಆಕಸ್ಮಿಕವಿಲ್ಲ, ಬೇರು ಒಂದೇ.

ಆ ಬೇರಿನ ಅತ್ಯಂತ ಸಂತೋಷದ ಕೊಂಬೆ ಮದುವೆಯ ಮನೆಯಲ್ಲಿದೆ. ಗೋರಂಟಿ, ಮದರಂಗಿ, ಮೆಹಂದಿ ಎಂದು ನಾವು ಕರೆಯುವ ಗಿಡ ಅರಬ್ಬಿಯಲ್ಲಿ ‘ಹಿನ್ನಾ’. ಎಲೆಯನ್ನು ಅರೆದಾಗ ಹೊರಬರುವ ಲಾಸೋನ್ ಎಂಬ ದ್ರವ್ಯವು ಚರ್ಮದ, ಉಗುರಿನ, ಕೂದಲಿನ ಪ್ರೋಟೀನಿನೊಡನೆ ಕೂಡಿಕೊಳ್ಳುತ್ತದೆ. ತೊಳೆದಾಗ ಕಿತ್ತಳೆಯಂತಿರುವ ಬಣ್ಣ ಒಂದೆರಡು ದಿನಗಳಲ್ಲಿ ಗಾಳಿ ತಾಕಿ ಕೆಂಪು ಕಂದಾಗುತ್ತದೆ. ಬಣ್ಣ ಹಿಡಿಯುವುದು ಚರ್ಮದ ಮೇಲ್ಪದರದಲ್ಲಿ ಮಾತ್ರ. ಆ ಪದರ ಉದುರಿದಂತೆಲ್ಲ ಎರಡು ಮೂರು ವಾರಗಳಲ್ಲಿ ಅದೂ ಹೊರಟುಹೋಗುತ್ತದೆ. (ಗಂಟೆಯೊಳಗೆ ಕಪ್ಪಗೆ ಹಿಡಿಯುವುದೆಂದು ಮಾರಾಟವಾಗುವ ‘ಕಪ್ಪು ಮೆಹಂದಿ’ ಈ ಜಾತಿಗೆ ಸೇರಿದ್ದಲ್ಲ. ಅದರಲ್ಲಿ ಅನೇಕ ವೇಳೆ ಪ್ಯಾರಾ-ಫಿನೈಲೀನ್‌ಡೈಅಮೀನ್ ಎಂಬ ಕೂದಲ ಬಣ್ಣದ ರಾಸಾಯನಿಕವನ್ನು ಬೆರೆಸಿರುತ್ತಾರೆ. ಅದರಿಂದ ಮಕ್ಕಳ ಕೈಯಲ್ಲಿ ಬೊಬ್ಬೆ ಎದ್ದು ಗಾಯದ ಗುರುತು ಉಳಿದ ಪ್ರಸಂಗಗಳುಂಟು. ಹಬ್ಬದ ಸಡಗರದಲ್ಲಿ ತಾಯಂದಿರು ಇದನ್ನು ಮರೆಯಬಾರದು.)

ಕೆಲವು ನಿಘಂಟುಕಾರರು ಇನ್ನೂ ಬಿಗಿಯಾಗಿ, ಹಿನ್ನಾದಿಂದ ಹಚ್ಚಿದರೆ ಮಾತ್ರ ‘ಖದಬ’ ಎನ್ನಬೇಕು, ಬೇರೆ ಯಾವುದರಿಂದ ಹಚ್ಚಿದರೂ ‘ಸಬಗ’ ಎಂದೇ ಹೇಳಬೇಕು ಎಂದು ವಿಧಿಸಿದ್ದಾರೆ. ಜನ ಈ ವಿಧಿಯನ್ನು ಪಾಲಿಸಲಿಲ್ಲ. ನಿಘಂಟುಕಾರರೂ ಪಾಲಿಸಲಿಲ್ಲವೆನ್ನಬೇಕು. ಅರಬರಲ್ಲಿ ಕೂದಲಿಗೆ ಕಪ್ಪು ಖಿದಾಬ್ ಹಚ್ಚಿಕೊಂಡವರಲ್ಲಿ ಪ್ರವಾದಿ ಮುಹಮ್ಮದರ ಅಜ್ಜ ಅಬ್ದುಲ್ ಮುತ್ತಲಿಬರೇ ಮೊದಲಿಗರೆಂಬ ಹೇಳಿಕೆಯನ್ನು ಅವರೇ ಅದೇ ಬೇರಿನ ಕೆಳಗೆ ದಾಖಲಿಸಿದ್ದಾರೆ. ಹಿನ್ನಾ ಒಂದರಿಂದಲೇ ಕೂದಲು ಕಪ್ಪಾಗುವುದಿಲ್ಲ.

ಈಜಿಪ್ಟಿನಲ್ಲಿ ಮದುವೆಯ ದಿಬ್ಬಣ ಹೊರಡುವುದಕ್ಕೆ ಹಿಂದಿನ ರಾತ್ರಿಗೆ ‘ಹಿನ್ನಾದ ರಾತ್ರಿ’ ಎಂದೇ ಹೆಸರು. 1836ರಲ್ಲಿ ಈಜಿಪ್ಟಿನ ಜನಜೀವನವನ್ನು ಕುರಿತು ಗ್ರಂಥ ಬರೆದ ಎಡ್ವರ್ಡ್ ವಿಲಿಯಂ ಲೇನ್ ಎಂಬ ಆಂಗ್ಲ ವಿದ್ವಾಂಸ ಆ ರಾತ್ರಿಯ ಒಂದು ಪದ್ಧತಿಯನ್ನು ವರ್ಣಿಸಿದ್ದಾನೆ. ಮದುವಣಗಿತ್ತಿ ಕಲಸಿದ ಹಿನ್ನಾದ ದೊಡ್ಡ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು ಕೂಡುತ್ತಾಳೆ. ಬಂದ ಹೆಂಗಸರು ಒಬ್ಬೊಬ್ಬರಾಗಿ ಅದರೊಳಗೆ ಒಂದೊಂದು ನಾಣ್ಯವನ್ನು, ಉಳ್ಳವರಾದರೆ ಚಿನ್ನದ ನಾಣ್ಯವನ್ನೇ, ಒತ್ತುತ್ತಾರೆ. ಮುದ್ದೆಯ ತುಂಬ ನಾಣ್ಯಗಳಾದ ಮೇಲೆ ಆಕೆ ನೀರಿನ ಬಟ್ಟಲೊಂದರ ಅಂಚಿಗೆ ಕೈಯನ್ನು ಒರೆಸಿ ಅದನ್ನು ಕೆಳಗಿಳಿಸುತ್ತಾಳೆ. ಮುಯ್ಯಿ ಸೇರಿತು, ಕೈಗೂ ಬಣ್ಣ ಏರಿತು. ನಮ್ಮ ಕರಾವಳಿಯ ಮನೆಗಳಲ್ಲಿ ಮದುವೆಯ ಮುನ್ನಾದಿನ ಮದರಂಗಿ ಶಾಸ್ತ್ರ ಮಾಡುವವರಿಗೆ ಈ ವರ್ಣನೆ ಅಪರಿಚಿತವೆನಿಸಲಾರದು.

ಇದೇ ಲೇನ್ ಮುಂದೆ 1842ರಿಂದ 1849ರವರೆಗೆ ಕೈರೋದಲ್ಲಿ ನೆಲಸಿ, ಅರಬ್ಬಿಯ ಹಳೆಯ ನಿಘಂಟುಗಳನ್ನೆಲ್ಲ ಶೋಧಿಸಿ, ಒಂದು ಮಹಾಕೋಶವನ್ನು ಕಟ್ಟಲು ತನ್ನ ಉಳಿದ ಆಯುಷ್ಯವನ್ನೆಲ್ಲ ಮುಡಿಪಿಟ್ಟನು. ಮೊದಲ ಭಾಗ 1863ರಲ್ಲಿ ಹೊರಬಂತು. 1876ರಲ್ಲಿ ಆತ ತೀರಿಕೊಂಡಾಗ ಕೋಶ ಇನ್ನೂ ಮುಗಿದಿರಲಿಲ್ಲ. ಕೊನೆಯ ಭಾಗ ಬಂಧುವೊಬ್ಬನ ಕೈಯಿಂದ 1893ರಲ್ಲಿ ಪ್ರಕಟವಾಯಿತು. ಅವನು ಆಧರಿಸಿದ ಗ್ರಂಥಗಳಲ್ಲಿ ಒಂದು, ಇಬ್ನ್ ಮನ್ಜೂರ್ ಎಂಬಾತ 1290ರಲ್ಲಿ ಮುಗಿಸಿದ ‘ಲಿಸಾನುಲ್ ಅರಬ್’. ಕೈರೋದ ಬೂಲಾಕ್ ಮುದ್ರಣಾಲಯದಲ್ಲಿ ಇದು ಅಚ್ಚಾದಾಗ 20 ಸಂಪುಟಗಳಾದವು. ಇದರಲ್ಲಿ ಪದಗಳನ್ನು ಬೇರಿನ ಕೊನೆಯ ಅಕ್ಷರದ ಕ್ರಮದಲ್ಲಿ ಜೋಡಿಸಲಾಗಿದೆ. ಆದ್ದರಿಂದ ಖಿದಾಬನ್ನು ಹುಡುಕುವವನು ಖಕಾರಕ್ಕೆ ಹೋಗದೆ ಬಕಾರಕ್ಕೆ ಹೋಗಬೇಕು. ಅಂತ್ಯಪ್ರಾಸಕ್ಕಾಗಿ ಪದ ಅರಸುವ ಕವಿಗಳಿಗೆ ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಬೇರೆ ಇಲ್ಲ.

ಅಂಥ ಕೋಶಗಳಲ್ಲಿ ‘ಬಣ್ಣದ ಕೈ’ ಎಂಬ ಈ ಎರಡು ಪದಗಳ ಮೇಲೆಯೇ ವೈಯಾಕರಣರ ಒಂದು ಜಿಜ್ಞಾಸೆ ಉಂಟು. ಅರಬ್ಬಿಯಲ್ಲಿ ಕೈ ಸ್ತ್ರೀಲಿಂಗ. ವಿಶೇಷಣವೂ ಸ್ತ್ರೀಲಿಂಗದಲ್ಲಿರಬೇಕು, ‘ಕಫ್ ಖದೀಬ’ ಎಂದಾಗಬೇಕು. ಆದರೆ ‘ಕಫ್ ಖದೀಬ್’ ಎಂದೇ ಶುದ್ಧ ಪ್ರಯೋಗ. ಕಾರಣವನ್ನು ಅವರು ಹೀಗೆ ವಿವರಿಸುತ್ತಾರೆ: ಈ ಮಾದರಿಯ ಪದವು ‘ತಾನು ಮಾಡಿದ’ ಎಂಬರ್ಥದಲ್ಲಿದ್ದರೆ ಲಿಂಗವನ್ನು ಧರಿಸುತ್ತದೆ, ‘ತನಗೆ ಮಾಡಲ್ಪಟ್ಟ’ ಎಂಬರ್ಥದಲ್ಲಿದ್ದರೆ ಧರಿಸುವುದಿಲ್ಲ. ಕಾಡಿಗೆ ಹಚ್ಚಿದ ಕಣ್ಣಿಗೂ ಇದೇ ನಿಯಮ. ಬಣ್ಣ ಹಚ್ಚಿಸಿಕೊಂಡ ಕೈ ಸುಮ್ಮನಿರುತ್ತದೆ, ಕೆಲಸ ಮಾಡಿದ್ದು ಇನ್ನೊಂದು ಕೈ. ಎರಡೂ ಅಂಗೈಗೆ ಮದರಂಗಿ ಹಚ್ಚಿಸಿಕೊಂಡು ಒಂದು ಲೋಟ ನೀರಿಗೂ ತಂಗಿಯನ್ನು ಕರೆಯಬೇಕಾದ ಹುಡುಗಿಯರಿಗೆ ಈ ವ್ಯಾಕರಣ ಬೇಗ ಅರ್ಥವಾದೀತು.

ಇನ್ನೊಂದು ಪ್ರಯೋಗ ಅಷ್ಟು ಹಗುರವಾದದ್ದಲ್ಲ. ಇಸ್ಲಾಮಿನ ಉದಯಕಾಲಕ್ಕೆ ಮುದುಕನಾಗಿದ್ದ ಅಲ್-ಆಶಾ ಎಂಬ ಕವಿ ತನ್ನ ಒಂದು ಪದ್ಯದಲ್ಲಿ ಕೋಪದಿಂದ ಕುದಿಯುತ್ತಿರುವ ಒಬ್ಬನನ್ನು ಚಿತ್ರಿಸಿ, ಅವನು ನಿಂತ ಭಂಗಿಯನ್ನು ಬಣ್ಣ ಹಿಡಿದ ಅಂಗೈಯನ್ನು ಪಕ್ಕೆಗೆ ಅವುಚಿಕೊಂಡವನ ಭಂಗಿಗೆ ಹೋಲಿಸಿದ್ದಾನೆ. ಆ ಬಣ್ಣ ಮದರಂಗಿಯದಲ್ಲ. ಅದು ಕಡಿದುಹೋದ ಕೈ, ಬಣ್ಣ ರಕ್ತದ್ದು. ಅವನು ಬಳಸಿದ ‘ಮುಖದ್ದಬ್’ ಎಂಬ ಪುಲ್ಲಿಂಗ ರೂಪವನ್ನು ಹೇಗೆ ಸಮರ್ಥಿಸಬೇಕೆಂದು ವೈಯಾಕರಣರು ತಲೆಕೆಡಿಸಿಕೊಂಡರು. ಕವಿಯ ಮನಸ್ಸಿನಲ್ಲಿದ್ದದ್ದು ‘ಕೈ’ ಅಲ್ಲ, ‘ಅಂಗ’ ಎಂಬ ಪುಲ್ಲಿಂಗ ಪದ ಎಂದು ಉತ್ತರ ಕೊಟ್ಟರು. ಕೈ ಕಳೆದುಕೊಂಡವನ ನೋವನ್ನು ಬಿಟ್ಟು ಲಿಂಗದ ಪ್ರಶ್ನೆಯನ್ನು ಹಿಡಿದರೆಂದು ಅವರನ್ನು ನಗುವುದು ಸುಲಭ. ಆದರೆ ಅವರು ಹಾಗೆ ಹಿಡಿದುಕೊಂಡದ್ದರಿಂದಲೇ ಆ ಪದ್ಯ ಕೋಶದಿಂದ ಕೋಶಕ್ಕೆ ದಾಟುತ್ತ ಉಳಿದು ಬಂತು.

ಕೈಯಿಂದ ಗಡ್ಡಕ್ಕೆ ಬಂದರೆ ಖಿದಾಬಿನ ವಿಷಯ ಧರ್ಮಶಾಸ್ತ್ರಜ್ಞರ ಕೈ ಸೇರುತ್ತದೆ. 630ರಲ್ಲಿ ಮಕ್ಕಾ ವಶವಾದಾಗ, ಮುಂದೆ ಮೊದಲ ಖಲೀಫರಾದ ಅಬೂಬಕರರ ವೃದ್ಧ ತಂದೆಯನ್ನು ಪ್ರವಾದಿಯವರ ಎದುರಿಗೆ ಕರೆತಂದರು. ಆತನ ತಲೆಯೂ ಗಡ್ಡವೂ ಬಿಳಿಯ ಹೂವಿನ ಗಿಡದಂತೆ ಬೆಳ್ಳಗಾಗಿದ್ದುವು. ಈ ಬಿಳುಪನ್ನು ಏನಾದರೂ ಹಚ್ಚಿ ಬದಲಿಸಿ, ಆದರೆ ಕಪ್ಪನ್ನು ಬಿಡಿ ಎಂದು ಪ್ರವಾದಿಯವರು ಹೇಳಿದರೆಂದು ಹದೀಸಿನಲ್ಲಿದೆ. ಅಬೂಬಕರರು ತಾವೂ ಹಿನ್ನಾದೊಡನೆ ‘ಕತಮ್’ ಎಂಬ ಗಿಡದ ಪುಡಿಯನ್ನು ಬೆರೆಸಿ ಹಚ್ಚಿಕೊಳ್ಳುತ್ತಿದ್ದರು. ಕೆಂಪಿಗೆ ಅನುಮತಿ, ಕಪ್ಪಿಗೆ ಆಕ್ಷೇಪ ಏಕೆ? ಕೆಂಪು ಗಡ್ಡ ಯಾರನ್ನೂ ವಂಚಿಸುವುದಿಲ್ಲ; ಹಚ್ಚಿದ್ದೆಂದು ಮಗುವಿಗೂ ಗೊತ್ತಾಗುತ್ತದೆ. ಕಪ್ಪು ಹಾಗಲ್ಲ, ಅದು ವಯಸ್ಸನ್ನೇ ಮರೆಮಾಡುತ್ತದೆ. ಅನೇಕ ಶಾಸ್ತ್ರಜ್ಞರು ಯುದ್ಧಕ್ಕೆ ಹೊರಟವನಿಗೆ ಮಾತ್ರ ಇದರಲ್ಲಿ ವಿನಾಯಿತಿ ತೋರಿದರು. ಶತ್ರುವಿಗೆ ತನ್ನ ಮುಪ್ಪು ತಿಳಿಯದಿರುವುದೇ ಲೇಸಷ್ಟೆ.

ವಿನಾಯಿತಿ ಇಲ್ಲದ ಕಡೆ ಏನಾಗುತ್ತಿತ್ತೆಂಬುದಕ್ಕೆ ಗಜಾಲಿಯ (1058–1111) ‘ಇಹ್ಯಾ’ ಎಂಬ ಮಹಾಗ್ರಂಥದಲ್ಲಿ ಒಂದು ಪ್ರಸಂಗವಿದೆ. ಎರಡನೆಯ ಖಲೀಫ ಉಮರರ ಕಾಲದಲ್ಲಿ ಒಬ್ಬಾತ ಗಡ್ಡಕ್ಕೆ ಕಪ್ಪು ಹಚ್ಚಿಕೊಂಡು ಮದುವೆಯಾದ. ಕೆಲವು ಕಾಲದ ಮೇಲೆ ಬಣ್ಣ ಬಿಟ್ಟಿತು, ಬಿಳಿಯ ಕೂದಲು ಹೊರಬಿತ್ತು. ಹೆಣ್ಣಿನ ಕಡೆಯವರು ಖಲೀಫರ ಬಳಿಗೆ ಹೋದರು. ಉಮರರು ಆ ವಿವಾಹವನ್ನು ರದ್ದು ಮಾಡಿದರು. ಯೌವನದ ಸೋಗಿನಿಂದ ಜನರನ್ನು ಮೋಸಗೊಳಿಸಿದೆಯೆಂದು ಅವನಿಗೆ ಏಟುಗಳನ್ನೂ ಕೊಡಿಸಿದರು. ಇಂದಿನ ಮದುವೆಯ ಮಾರುಕಟ್ಟೆಯಲ್ಲಿ ಗಂಡಿನ ವಯಸ್ಸನ್ನು ಭಾವಚಿತ್ರದಿಂದಲೇ ಅಳೆಯಬೇಕಾಗಿ ಬಂದ ತಂದೆತಾಯಿಯರು ಈ ತೀರ್ಪನ್ನು ಮೆಚ್ಚದಿರಲಾರರು. ಆ ಹೆಣ್ಣಿನ ಹೆಸರು ಗ್ರಂಥದಲ್ಲಿ ಬಂದಿಲ್ಲ. ಆಕೆ ಏನು ಬಯಸಿದ್ದಳೆಂಬುದೂ ಬಂದಿಲ್ಲ.

ಬಣ್ಣ ಬಿಡುವುದಕ್ಕೆ ಆ ಪ್ರಸಂಗದಲ್ಲಿ ಬಂದಿರುವ ಕ್ರಿಯಾಪದ ‘ನಸಲ’. ಅದು ಬೇರೆ ಬೇರಿನದು, ಆದರೆ ಖಿದಾಬಿನ ನೆರಳಿನಂತೆ ಅದನ್ನು ಹಿಂಬಾಲಿಸುತ್ತದೆ. ಬಾಣದ ಮೊನೆ ಕಡ್ಡಿಯಿಂದ ಕಳಚಿ ಹೊರಬಂದರೂ ‘ನಸಲ’ ಎನ್ನುತ್ತಾರೆ. ‘ನಸ್ಲ್’ ಎಂದರೆ ಬಾಣದ ಮೊನೆ, ಕತ್ತಿಯ ಅಲಗು. ಕಪ್ಪು ಕೂದಲ ಬುಡದಿಂದ ಬಿಳಿಯ ಎಳೆ ಮೇಲೆದ್ದಾಗ ಅರಬನ ಕಣ್ಣಿಗೆ ಕಂಡದ್ದು ಅಲಗು. ಕನ್ನಡಿಯ ಮುಂದೆ ನಿಂತು ಹದಿನೈದು ದಿನಕ್ಕೊಮ್ಮೆ ಈ ಅಲಗನ್ನು ಕಾಣುವವರು ಇಂದು ಎಲ್ಲ ನಗರಗಳಲ್ಲಿಯೂ ಇದ್ದಾರೆ.

ಗಡ್ಡ ಮತ್ತು ರಕ್ತ ಎರಡೂ ಈ ಒಂದು ಕ್ರಿಯಾಪದದಲ್ಲಿ ಕೂಡಿದ ಪ್ರಸಂಗ ಹಜರತ್ ಅಲಿಯವರದು. ತಮ್ಮ ಗಡ್ಡವು ತಮ್ಮ ತಲೆಯ ರಕ್ತದಿಂದ ಬಣ್ಣ ಪಡೆಯುವುದೆಂದು ಅವರು ಮೊದಲೇ ತಿಳಿದಿದ್ದರು, ಹೇಳಿಯೂ ಇದ್ದರು ಎಂಬುದು ಸಂಪ್ರದಾಯ. ಅದಕ್ಕೆ ಬಳಕೆಯಾಗಿರುವುದು ಖಿದಾಬಿನ ಕ್ರಿಯಾಪದವೇ. 661ರ ಜನವರಿಯಲ್ಲಿ ಕೂಫಾ ನಗರದ ಮಸೀದಿಯಲ್ಲಿ ವಿಷ ಸವರಿದ ಕತ್ತಿಯ ಪೆಟ್ಟು ಅವರ ತಲೆಗೆ ಬಿತ್ತು. ಅದರಿಂದಲೇ ಅವರು ತೀರಿಕೊಂಡರು. ಅಲಿಯವರ ಮೊಮ್ಮಗ, ಹಸನರ ಮಗ ಕಾಸಿಂ, 680ರಲ್ಲಿ ಕರ್ಬಲಾದ ರಣದಲ್ಲಿ ಹರೆಯಕ್ಕೆ ಕಾಲಿಡುವ ವಯಸ್ಸಿನಲ್ಲೇ ಮಡಿದನು. ಮಡಿಯುವುದಕ್ಕೆ ಮುಂಚೆ ಅಲ್ಲಿಯೇ ಅವನ ಮದುವೆ ನಡೆಯಿತೆಂದು ಜನಪದ ನಂಬಿಕೆ. ಚರಿತ್ರಕಾರರು ಆ ಮದುವೆಯನ್ನು ಒಪ್ಪುವುದಿಲ್ಲ. ಜನ ಚರಿತ್ರಕಾರರನ್ನು ಕೇಳಿ ಅಳುವುದಿಲ್ಲ. ಲಖನೌ ಮತ್ತು ಹೈದರಾಬಾದುಗಳಲ್ಲಿ ಮೊಹರಂ ಏಳನೆಯ ದಿನ ‘ಕಾಸಿಮನ ಮೆಹಂದಿ’ಯ ಮೆರವಣಿಗೆ ಹೊರಡುತ್ತದೆ. ಮದುವಣಿಗನ ಕೈಯ ಮೆಹಂದಿ ಇನ್ನೂ ಆರಿರಲಿಲ್ಲ, ಅದರ ಮೇಲೆ ರಕ್ತದ ಬಣ್ಣ ಏರಿತು ಎಂಬ ಭಾವನೆ ಆ ಶೋಕದ ತಿರುಳು. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ, ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ, ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆಸುವ ಮೊಹರಮ್ಮಿನಲ್ಲಿ ಕರ್ಬಲಾದ ಈ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತ ಬಂದಿದ್ದಾರೆ.

ಈ ಬೇರಿಗೆ ಹಸುರು ಬಣ್ಣವೂ ಗೊತ್ತು. ಮಳೆ ಬಿದ್ದು ನೆಲದ ಮೇಲೆ ಮೊದಲ ಹಸುರು ಮೂಡಿದರೆ ನೆಲ ಖಿದಾಬ್ ಹಚ್ಚಿಕೊಂಡಿತು ಎನ್ನುತ್ತಾರೆ. ಮರದಲ್ಲಿ ಹೊಸದಾಗಿ ತೋರುವ ಹಸುರಿಗೆ ‘ಖದ್ಬ್’ ಎಂದು ಹೆಸರು. ‘ಸಮೃದ್ಧಿ’ ಎಂಬರ್ಥದ ಅರಬ್ಬಿ ಪದ ‘ಖಿಸ್ಬ್’. ಬರೆಹದಲ್ಲಿ ಅದಕ್ಕೂ ಈ ಬೇರಿಗೂ ಇರುವ ಅಂತರ ನಡುವಣ ಅಕ್ಷರದ ಮೇಲಿನ ಒಂದು ಚುಕ್ಕೆ ಮಾತ್ರ. ಚುಕ್ಕೆಗಳನ್ನು ಇಡದೆ ಬರೆಯುತ್ತಿದ್ದ ಹಳೆಯ ಹಸ್ತಪ್ರತಿಗಳಲ್ಲಿ ಬಣ್ಣ ಹಚ್ಚಿದ್ದೂ ಫಲವತ್ತಾದದ್ದೂ ಕಣ್ಣಿಗೆ ಒಂದೇ ಆಗಿ ಕಾಣುತ್ತಿದ್ದುವು.

ವಸಂತದ ಮಾತು ಬಂದಾಗ ಉಷ್ಟ್ರಪಕ್ಷಿಯನ್ನು ಬಿಡುವಂತಿಲ್ಲ. ಗಂಡು ಉಷ್ಟ್ರಪಕ್ಷಿಯ ಕಾಲುಗಳು ಒಂದು ಋತುವಿನಲ್ಲಿ ಕೆಂಪಾಗುತ್ತವೆ. ಆಗ ಅದಕ್ಕೆ ‘ಖಾದಿಬ್’ ಎಂದು ಹೆಸರು, ಅಂದರೆ ಬಣ್ಣ ಹಚ್ಚಿಕೊಂಡವನು. ಹೆಣ್ಣಿಗೆ ಈ ಹೆಸರು ಸಲ್ಲದು. ಏಕೆ ಕೆಂಪಾಗುತ್ತವೆ? ವಸಂತದ ಎಳೆಯ ಹುಲ್ಲನ್ನು ಮೇದು ಅದರ ಬಣ್ಣ ಹತ್ತುತ್ತದೆಂದು ಕೆಲವು ನಿಘಂಟುಕಾರರ ಮತ. ಹುಲ್ಲಲ್ಲ, ಅದು ಹೆಣ್ಣನ್ನು ಬಯಸುವ ಕಾಲವೆಂದು ಇನ್ನು ಕೆಲವರ ಮತ. ಪ್ರಾಣಿಶಾಸ್ತ್ರ ಎರಡನೆಯವರ ಪಕ್ಷವನ್ನು ಎತ್ತಿ ಹಿಡಿದಿದೆ. ಆದರೆ ಅರಬಸ್ಥಾನದ ಆ ಉಷ್ಟ್ರಪಕ್ಷಿಯ ಪ್ರಭೇದ 20ನೆಯ ಶತಮಾನದ ನಡುಭಾಗದಲ್ಲಿ ಬೇಟೆಗಾರರ ಬಂದೂಕಿಗೂ ಮೋಟಾರು ವಾಹನಗಳಿಗೂ ಸಿಕ್ಕಿ ಅಳಿದುಹೋಯಿತು. ಕೆಂಪು ಕಾಲಿನ ಹಕ್ಕಿ ಈಗ ಕೋಶದಲ್ಲಿ ಮಾತ್ರ ಓಡಾಡುತ್ತದೆ.

ಈ ಬೇರಿನಿಂದ ಹುಟ್ಟಿದ ಪಾತ್ರೆಯೂ ಒಂದಿದೆ, ‘ಮಿಖ್ದಬ್’. ರಚನೆಯಿಂದ ನೋಡಿದರೆ ಬಣ್ಣ ಹಾಕುವ ಪಾತ್ರೆ ಎಂದಾಗಬೇಕು. ಕೋಶಗಳಲ್ಲಿ ಅದರ ಅರ್ಥ ಬಟ್ಟೆ ಒಗೆಯುವ ಬಾನಿ! 632ರಲ್ಲಿ ಪ್ರವಾದಿಯವರು ಕೊನೆಯ ಕಾಯಿಲೆಯಲ್ಲಿದ್ದಾಗ, ಪ್ರಾರ್ಥನೆಗೆ ಏಳಬೇಕೆಂದು ಮೈ ತೊಳೆದುಕೊಳ್ಳಲು ಮಿಖ್ದಬಿನಲ್ಲಿ ನೀರಿಡುವಂತೆ ಹೇಳಿದರೆಂದು ಅವರ ಪತ್ನಿ ಆಯಿಷಾ ನೆನೆದಿದ್ದಾರೆ. ಬಣ್ಣ ಏರಿಸುವ ಪಾತ್ರೆಯೇ ತೊಳೆಯುವ ಪಾತ್ರೆಯೂ ಆದದ್ದು ವಿಚಿತ್ರವೆನಿಸಿದರೆ ನಮ್ಮ ‘ರಜಕ’ನನ್ನು ನೆನೆಯಬಹುದು. ಅಗಸನಿಗೆ ಸಲ್ಲುವ ಈ ಸಂಸ್ಕೃತ ಪದವನ್ನು ‘ಬಣ್ಣ ಹಾಕು’ ಎಂಬರ್ಥದ ‘ರಂಜ್’ ಧಾತುವಿನಿಂದಲೇ ಸಾಧಿಸುತ್ತಾರೆ.

ಆ ರಂಜ್ ಧಾತು ಖಿದಾಬಿನ ಬೇರಿಗೆ ದೂರದ ದಾಯಾದಿಯಂತೆ ತೋರುತ್ತದೆ. ಬಣ್ಣ ಹಿಡಿದದ್ದು ‘ರಕ್ತ’, ಆಮೇಲೆ ಕೆಂಪಾದದ್ದು, ಆಮೇಲೆ ಮೈಯೊಳಗೆ ಹರಿಯುವ ನೆತ್ತರು. ಮನಸ್ಸಿಗ��� ಬಣ್ಣ ಹಿಡಿದರೆ ಅನುರಕ್ತ, ಬಿಟ್ಟರೆ ವಿರಕ್ತ. ಅರಬರೂ ಸಂಸ್ಕೃತದವರೂ ಒಬ್ಬರನ್ನೊಬ್ಬರು ಕೇಳದೆ ಬಣ್ಣದಿಂದ ನೆತ್ತರಿಗೆ ಹಾದಿ ಮಾಡಿಕೊಂಡರು. ಸಂಸ್ಕೃತದಲ್ಲಿ ಹಾದಿ ಸವೆದು ರಕ್ತವೆಂದರೆ ಬಣ್ಣವೆಂಬುದೇ ಮರೆತುಹೋಗಿದೆ. ಅರಬ್ಬಿಯಲ್ಲಿ ಮಾತ್ರ, ರಕ್ತಸಿಕ್ತವಾದ ಅಂಗಿಯನ್ನು ವರ್ಣಿಸುವ ವರದಿಗಾರನೂ ಮದುವೆಯ ಮನೆಯ ಪದವನ್ನೇ ಎತ್ತಿಕೊಳ್ಳುವುದುಂಟು.

ನೆತ್ತರಿಗೆ ಕೆಂಪು ಕೊಡುವ ಹಿಮೋಗ್ಲೋಬಿನ್ ಎಂಬ ದ್ರವ್ಯಕ್ಕೆ ಅರಬ್ಬಿಯ ವೈದ್ಯ ಪರಿಭಾಷೆಯನ್ನು ರೂಪಿಸಿದವರು ಹೆಸರು ಅರಸಿದಾಗ ಹಳೆಯ ಪೆಟ್ಟಿಗೆಯಿಂದ ಇದೇ ಪದವನ್ನು ತೆಗೆದರು: ‘ಖಿದಾಬುದ್ದಮ್’, ರಕ್ತದ ಮದರಂಗಿ. ಬಹಳ ಮಂದಿ ವೈದ್ಯರು ಇಂಗ್ಲಿಷಿನ ಹೆಸರನ್ನೇ ಹೇಳುವುದುಂಟು. ಆದರೂ ಅರಬ್ಬಿ ವೈದ್ಯಗ್ರಂಥಗಳಲ್ಲಿ ರಕ್ತಹೀನತೆಯಿಂದ ಬಿಳಿಚಿಕೊಂಡ ರೋಗಿಯ ಲಕ್ಷಣ ಬರೆಯುವಾಗ, ಅವಳ ಖಿದಾಬ್ ಕಡಿಮೆಯಾಗಿದೆ ಎಂದೇ ಬರೆಯುತ್ತಾರೆ.